ಪುಟ ೨೧೪, ಸಾಲು ೯

ಲೀಡ್ಸಿನ ಗಣಿತ ವಿಭಾಗ, ಮೂರನೇ ಮಹಡಿ,
ಹೀಟರಿನ ಪಕ್ಕ ನನ್ನ ಟೈಪ್‌ರೈಟರು.
ಹುಬ್ಬಳ್ಳಿಯ ಕಮರ್ಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ
ಸೀನಿಯರ್ ಪಾಸಾದ ಬೆರಳು ನನ್ನದು.
ಗಣಿತ ಮಾತ್ರ ಮ್ಯಾಟ್ರಿಕ್ಕಿಗೇ ಕೈಬಿಟ್ಟದ್ದು.

ಡಾಕ್ಟರ್ ಥ್ರೆಲ್ಕೆಲ್ಡ್ ಪೆನ್ಸಿಲಿನಲ್ಲಿ ಬರೆದು ಕೊಡುತ್ತಿದ್ದರು,
ಹಳೆಯ ಪರೀಕ್ಷೆಯ ಹಾಳೆಗಳ ಬೆನ್ನಿಗೆ.
ಅಕ್ಷರ ನಾನು ಕುಟ್ಟುತ್ತಿದ್ದೆ,
ಯಂತ್ರಕ್ಕೆ ಬಾರದ ಚಿಹ್ನೆಗಳಿಗೆ ಜಾಗ ಬಿಡುತ್ತಿದ್ದೆ,
ಆಮೇಲೆ ಕಪ್ಪು ಶಾಯಿಯಲ್ಲಿ ಒಂದೊಂದನ್ನೇ
ಕೈಯಿಂದ ತುಂಬುತ್ತಿದ್ದೆ, ರಂಗೋಲಿಯ ಎಳೆ ಕೂಡಿಸಿದ ಹಾಗೆ.
"ಹೆದರಬೇಡಿ," ಅಂದಿದ್ದರು ಮೊದಲ ವಾರ,
"ಅನಿಲವೂ ಹೀಗೆಯೇ. ಬಹುಪಾಲು ಖಾಲಿ ಜಾಗ."

ಅವರು ಹುಟ್ಟಿದ್ದು ವೈಟ್‌ಹೇವನ್ನಿನಲ್ಲಿ,
ಕಡಲಿನಡಿಗೂ ಸುರಂಗ ನುಗ್ಗಿದ ಕಲ್ಲಿದ್ದಲ ಊರಲ್ಲಿ.
ದೀಪ ಹಿಡಿದು ಇಳಿದ ಚಿಕ್ಕಪ್ಪ
ಹತ್ತಿ ಬರಲಿಲ್ಲ. ಗಾಳಿ ಹೊತ್ತಿಕೊಂಡಿತಂತೆ.
ಗಾಳಿ ಹೇಗೆ ಹೊತ್ತಿಕೊಳ್ಳುತ್ತದೆ ಎಂದ ಏಳು ವರ್ಷದ ಹುಡುಗಿಯ ಕೈಗೆ
ಯಾರೋ ಬಿಸ್ಕತ್ತು ಕೊಟ್ಟು ಹೊರಗೆ ಕಳಿಸಿದರು.

ಇದನ್ನು ಹೇಳಿದ್ದು ಒಂದೇ ಸಲ,
ಶಾಯಿ ಒಣಗುವವರೆಗೆ.

ಮಿಕ್ಕದ್ದು ಫೈಲಿನಲ್ಲಿ ಓದಿದ್ದು:
ಐವತ್ತೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕಿ;
ಎರಡು ಅಣು ಎದುರಾದರೆ ಯಾವುದು ಎತ್ತ ತಿರುಗೀತು ಎಂದು
ಹಿಡಿಕೆ ತಿರುವುವ ಲೆಕ್ಕದ ಯಂತ್ರದಲ್ಲಿ
ಮೂರು ಚಳಿಗಾಲ ತಿಂದ ಕೋಷ್ಟಕ;
ಅದನ್ನು ತಮ್ಮ ಪುಸ್ತಕಕ್ಕೆ ಎತ್ತಿಕೊಂಡ ಪ್ರೊಫೆಸರ್ ಆಲರ್ಡೈಸ್
ಅಡಿಟಿಪ್ಪಣಿಯಲ್ಲಿ 'ಮಿಸ್ ಇ. ಟಿ.ಗೆ ಕೃತಜ್ಞತೆ' ಅಂದದ್ದು;
ಬಡ್ತಿಯ ಅರ್ಜಿ; ವಿಷಾದಿಸುತ್ತೇವೆ ಎಂಬ ಪತ್ರ.

ಒಮ್ಮೆ ಕೇಳಿದೆ: ಅಣುಗಳದ್ದು ಬಂದೂಕಿನ ಗುಂಡಿನ ವೇಗ ಅನ್ನುತ್ತೀರಿ,
ಮತ್ತೆ ನನ್ನ ಡಬ್ಬಿಯ ಒಗ್ಗರಣೆ ವಾಸನೆಗೆ
ನಿಮ್ಮ ಮೇಜು ಮುಟ್ಟಲು ಇಷ್ಟು ಹೊತ್ತೇಕೆ?
ನಕ್ಕರು. "ನೂರು ವರ್ಷದ ಹಿಂದೆಯೂ ಒಬ್ಬರು ಇದನ್ನೇ ಕೇಳಿದ್ದರು.
ಕಿರ್ಕ್‌ಗೇಟ್ ಮಾರ್ಕೆಟ್ಟಿನ ಶನಿವಾರ ನೆನೆಸಿಕೊಳ್ಳಿ.
ಹೆಜ್ಜೆಗೊಂದು ಡಿಕ್ಕಿ, ಡಿಕ್ಕಿಗೊಂದು ದಿಕ್ಕು.
ಓಡುವುದು ಬಹಳ, ಸಾಗುವುದು ಕಡಿಮೆ."
ಅಂದವರು ಕಿಟಕಿಯ ಕಡೆ ತಿರುಗಿದರು.

ಅರವತ್ತೊಂಬತ್ತರ ಪ್ರಬಂಧ: ಹದಿನೆಂಟು ವರ್ಷ, ನಲವತ್ತು ಪುಟ.
ಅಚ್ಚಾದ ಆರು ತಿಂಗಳಿಗೆ ಅಡಿಲೇಡಿನಿಂದ ಕಾರ್ಡು:
ಪುಟ ೨೧೪, ಸಾಲು ೯. ಗುರುತು ತಪ್ಪಿದೆ.
ಬಾಗಿಲು ಹಾಕಿಕೊಂಡು ಹಾಳೆ ಹುಡುಕಿದೆ.
ಪೆನ್ಸಿಲಿನಲ್ಲಿ ಇತ್ತು ಕಳೆಯುವ ಗೆರೆ, ಜೀರಿಗೆಯಷ್ಟು.
ನನ್ನ ಶಾಯಿಯಲ್ಲಿ ಇರಲಿಲ್ಲ.

ಅವರು ಕೊಟ್ಟ ತಿದ್ದುಪಡಿ ಎರಡೇ ಸಾಲು:
ಮೊದಲ ಪದದ ಮುಂದೆ ಕಳೆಯುವ ಗುರುತು ಸೇರಿಸಿ ಓದಿಕೊಳ್ಳಿ.
ತಪ್ಪು ಲೇಖಕಿಯದು.
ಅದನ್ನೂ ನಾನೇ ಕುಟ್ಟಿದೆ.
'ಲೇಖಕಿಯದು' ಎಂಬಲ್ಲಿ ಬೆರಳು ನಿಂತಿತು;
ಮುಂದೆ ಹೋಯಿತು.

ಆ ವರ್ಷವೂ ಬಡ್ತಿಯಿಲ್ಲ.
ಕಮಿಟಿಯಲ್ಲಿ ಯಾರೋ 'ಅಜಾಗರೂಕತೆ' ಅಂದರಂತೆ.
ವಿಷಾದದ ಆ ಎರಡನೆಯ ಪತ್ರ,
ಡೀನ್ ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ.
ಕಾರ್ಬನ್ ಇಟ್ಟು, ಮೂರು ಪ್ರತಿ.

ಅವರ ನಿವೃತ್ತಿಯ ಸಂಜೆ, ಅರ್ಧ ಲೋಟ ಶೆರ್ರಿಯ ಧೈರ್ಯದಲ್ಲಿ
ಹೇಳಿಬಿಟ್ಟೆ.
"ಗೊತ್ತು," ಅಂದರು. "ಪ್ರೂಫ್ ನೋಡಿದವಳು ನಾನು ತಾನೆ?
ನಾಲ್ಕು ಕಣ್ಣು ತಪ್ಪಿಸಿಕೊಂಡ ಗೆರೆ ಅದು."
ಆಮೇಲೆ ಕೊಡೆ ಹುಡುಕತೊಡಗಿದರು. ಕೊಡೆ ನನ್ನ ಕುರ್ಚಿಯ ಹಿಂದಿತ್ತು.

ಮೊನ್ನೆ ಹುಬ್ಬಳ್ಳಿಗೆ ಹೋದಾಗ ತಂಗಿಯ ಮಗನ ಪಠ್ಯದಲ್ಲಿ
ಅವರ ಅನಿಲಗಳು ಕನ್ನಡ ಮಾತಾಡುತ್ತಿದ್ದವು.
ಒಂದು ಪದರ ಇನ್ನೊಂದನ್ನು ಹಿಡಿದೆಳೆವ ಆ ಅಂಟು,
ಅನಿಲವನ್ನು ಎಷ್ಟು ತೆಳುವಾಗಿಸಿದರೂ
ಅಷ್ಟು ಸುಲಭಕ್ಕೆ ಕುಂದದ ಅಂಟು
(ಈ ವಾಕ್ಯ ಎಷ್ಟು ಸಲ ಕುಟ್ಟಿದ್ದೆನೋ, ತಿಳಿಯದೆ),
ನಮ್ಮಲ್ಲಿ ಅದರ ಹೆಸರು ಸ್ನಿಗ್ಧತೆ.

ವೈಟ್‌ಹೇವನ್ನಿನ ವಿಳಾಸಕ್ಕೆ ಕಾಗದ ಹಾಕಿದೆ.
ಇಂಗ್ಲಿಷಿನಲ್ಲಿ ಕುಟ್ಟುತ್ತ ಬಂದು,
ಆ ಒಂದು ಪದಕ್ಕೆ ಜಾಗ ಬಿಟ್ಟು,
ಕಪ್ಪು ಶಾಯಿಯಲ್ಲಿ, ಕನ್ನಡದಲ್ಲೇ, ತುಂಬಿದೆ.
ಎರಡು ಸಲ ನೋಡಿದೆ, ಏನೂ ಬಿಟ್ಟಿಲ್ಲವಲ್ಲ ಎಂದು.